ಬಲತೋಳಿನ ದಾಖಲೆ: ಡ್ರೈನ್ ಇದ್ದಾಗಿನಿಂದ ಡಂಬೆಲ್‌ವರೆಗೆ

ಸ್ತನ ಕ್ಯಾನ್ಸರ್‌ಗೆ ಬಲಸ್ತನದ ಜೊತೆ ಕಂಕುಳಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದಿದೆ, ಇದರಿಂದ ಆ ತೋಳು ಊದುವ ಅಪಾಯವಿದೆ. ಮುಂದೆ ಕೀಮೋ, ರೇಡಿಯೇಷನ್. ಬರೆದಿಡುವುದು ಮೂರೇ: ಗೋಡೆಯ ಮೇಲೆ ಬೆರಳು ಮುಟ್ಟಿದ ಎತ್ತರ, ಎರಡೂ ತೋಳಿನ ಸುತ್ತಳತೆ, ವ್ಯಾಯಾಮದ ಮಾರನೇ ದಿನ ತೋಳು ಹೇಗಿತ್ತು. ಸುತ್ತಳತೆಯನ್ನು ಆಪರೇಷನ್‌ಗೆ ಮೊದಲೇ ತೆಗೆದಿಡಬೇಕು, ಏಕೆಂದರೆ ಬಲಗೈ ಬಳಸುವವರ ಬಲತೋಳು ಮುಂಚಿನಿಂದಲೇ ತುಸು ದಪ್ಪ ಇರಬಹುದು.

ವಾರ 1. ಡ್ರೈನ್ (ಗಾಯದ ನೀರು ಹೊರಹರಿಸುವ ನಳಿಕೆ) ಇದೆ.
ಮುಷ್ಟಿ ಕಟ್ಟಿ ಬಿಡುವುದು, ಮೊಣಕೈ ಮಡಚುವುದು, ಭುಜ ಹಿಂದಕ್ಕೆ ಸುತ್ತಿಸುವುದು. ತಲಾ 10, ದಿನಕ್ಕೆ 3 ಸಲ. ಕೈ ಭುಜದ ಮಟ್ಟ ದಾಟಬಾರದು. ಅವಸರ ಮಾಡಿದರೆ ಗಾಯದಡಿ ನೀರು ತುಂಬಬಹುದು. ಹಾಗೆಂದು ಕೈಯನ್ನು ಎದೆಗೆ ಅವುಚಿಕೊಂಡೇ ಇದ್ದರೆ ಭುಜ ಹಿಡಿದುಕೊಳ್ಳುತ್ತದೆ. ರೇಡಿಯೇಷನ್ ಮೇಜಿನ ಮೇಲೆ ಕೈಯನ್ನು ತಲೆಯ ಮೇಲಿಟ್ಟು ಅಲುಗದೆ ಮಲಗಬೇಕು, ಕಷ್ಟ ಗೊತ್ತಾಗುವುದು ಆಗ. ಊಟ ಬಲಗೈಯಲ್ಲೇ.

ವಾರ 3. ಡ್ರೈನ್ ಹೋಯಿತು, ಸರ್ಜನ್ ಒಪ್ಪಿದ್ದಾರೆ.
ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಮೇಲಕ್ಕೆ ಹತ್ತಿಸುವುದು. ಸೆಳೆತ ಶುರುವಾದಲ್ಲಿ ನಿಂತು 5 ಎಣಿಸಿ ಪೆನ್ಸಿಲ್ ಗುರುತು. ಭುಜವನ್ನು ಕಿವಿಯತ್ತ ಎತ್ತಿದರೆ, ಸೊಂಟ ವಾಲಿಸಿದರೆ ಗುರುತು ಏರುತ್ತದೆ, ಆದರೆ ಕೀಲಿನ ಬಿಗಿತ ಬಿಟ್ಟಿರುವುದಿಲ್ಲ. ಆಮೇಲೆ ಅಂಗಾತ ಮಲಗಿ, ಎರಡೂ ಕೈಯಲ್ಲಿ ಕೋಲು ಹಿಡಿದು ತಲೆಯ ಕಡೆಗೆ ಒಯ್ಯುವುದು. ಎಡಗೈ ನೂಕುತ್ತದೆ, ಬಲಗೈ ಹಿಂಬಾಲಿಸುತ್ತದೆ.

ವಾರ 5. ಗುರುತು ಕೆಳಗಿಳಿದಿದೆ.
ಕಂಕುಳಿನಿಂದ ಮೊಣಕೈವರೆಗೆ ಚರ್ಮದಡಿ ತಂತಿ ಬಿಗಿದಂತಿದೆ. ಗ್ರಂಥಿ ತೆಗೆದ ಕೆಲ ವಾರಗಳಲ್ಲಿ ಹೀಗಾಗುವುದು ಸಾಮಾನ್ಯ. ಇದು ಕಾಯಿಲೆ ಮರಳಿದ ಲಕ್ಷಣವಲ್ಲ. ಭಯಕ್ಕೆ ಕೈ ಆಡಿಸುವುದನ್ನು ನಿಲ್ಲಿಸಿದವರಿಗೇ ಬಿಗಿತ ಹೆಚ್ಚು. ನಿಧಾನವಾಗಿ ಚಾಚಬೇಕು, ಜಗ್ಗಬಾರದು, ಫಿಸಿಯೊಥೆರಪಿಸ್ಟ್‌ಗೆ ತೋರಿಸಬೇಕು.

ಕೀಮೋ ತಿಂಗಳುಗಳು.
ಇಲ್ಲಿ ನಡಿಗೆಯೇ ಮುಖ್ಯ. 10 ನಿಮಿಷದಿಂದ ಶುರು, ಮಾತಾಡಲು ಆಗುವ ವೇಗ. ಡ್ರಿಪ್ ಆದ ಮೊದಲ ದಿನಗಳಲ್ಲಿ ಮನೆಯೊಳಗಿನ ಓಡಾಟ ಸಾಕು. ಜ್ವರ 100.4 ಡಿಗ್ರಿ ಮುಟ್ಟಿದರೆ ವ್ಯಾಯಾಮವಿಲ್ಲ, ನೇರ ಆಸ್ಪತ್ರೆಗೆ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿಯಿಂದ ಪಾದ ಜೋಮು ಹಿಡಿದರೆ ಟ್ರೆಡ್‌ಮಿಲ್ ಬೇಡ, ನಿಂತಲ್ಲೇ ಇರುವ ಸೈಕಲ್ ಒಳ್ಳೆಯದು.

ರೇಡಿಯೇಷನ್ ಮುಗಿದು, ಚರ್ಮ ಮಾಗಿದ ಮೇಲೆ.
ಈಗ ತೂಕ. "ಆ ಕೈಯಲ್ಲಿ ಬಿಂದಿಗೆ ಎತ್ತಲೇಬೇಡ" ಎಂಬ ಮಾತು ಇನ್ನೂ ಮನೆಮನೆಯಲ್ಲಿದೆ. 2009ರಲ್ಲಿ ಪ್ರಕಟವಾದ ಅಮೆರಿಕದ ಕ್ಯಾಥ್ರಿನ್ ಶ್ಮಿಟ್ಸ್ ತಂಡದ ಅಧ್ಯಯನದಲ್ಲಿ, ಆಗಲೇ ತೋಳು ಊದಿದ್ದ 141 ಹೆಂಗಸರಿದ್ದರು. ವಾರಕ್ಕೆ ಎರಡು ಸಲ, ತೋಳಿಗೆ ಒತ್ತುಪಟ್ಟಿ (ಬಿಗಿಯಾದ ಸ್ಲೀವ್) ಹಾಕಿಕೊಂಡು, ಮೆಲ್ಲಗೆ ತೂಕ ಏರಿಸಿದವರಲ್ಲಿ ಊತ ಬೇರೆಯವರಿಗಿಂತ ಹೆಚ್ಚಲಿಲ್ಲ. ಉಲ್ಬಣಿಸಿದ ಪ್ರಸಂಗಗಳಂತೂ ಕಡಿಮೆ. ಕೆಲಸ ಕಾಣದೆ ಸೊರಗಿದ ತೋಳಿಗೇ ಒಂದು ದಿನದ ಭಾರ ಹೊರೆಯಾಗುತ್ತದೆ.

ಶುರುವಿಗೆ ಅರ್ಧ ಲೀಟರ್ ನೀರಿನ ಬಾಟಲಿ, 10 ಸಲ, ಒಂದೇ ಸುತ್ತು, ನಡುವೆ ಒಂದು ದಿನ ಬಿಡುವು. ಎರಡು ವಾರ ತೋಳು ತೆಪ್ಪಗಿದ್ದರೆ ಎರಡನೇ ಸುತ್ತು. ಅದೂ ಸರಿಹೋದರೆ 1 ಕಿಲೋ ಡಂಬೆಲ್. ಸುತ್ತು, ತೂಕ ಎರಡನ್ನೂ ಒಟ್ಟಿಗೆ ಏರಿಸಿದರೆ ಊತಕ್ಕೆ ಕಾರಣ ಯಾವುದೆಂದು ತಿಳಿಯುವುದಿಲ್ಲ. ಹಬ್ಬ, ಮದುವೆ ಅಂತ ಅಭ್ಯಾಸ ತಪ್ಪಿದರೆ ಬಿಟ್ಟ ತೂಕದಿಂದಲ್ಲ, ಒಂದು ಮೆಟ್ಟಿಲು ಕೆಳಗಿನಿಂದ.

ಟೇಪು: ಮಣಿಕಟ್ಟು, ಮೊಣಕೈಯಿಂದ 10 ಸೆಂ.ಮೀ. ಕೆಳಗೆ, 10 ಸೆಂ.ಮೀ. ಮೇಲೆ. ತಿಂಗಳಿಗೊಮ್ಮೆ, ಬೆಳಿಗ್ಗೆ. ಎರಡು ತೋಳಿನ ವ್ಯತ್ಯಾಸ ಮೊದಲಿಗಿಂತ 2 ಸೆಂ.ಮೀ. ಹೆಚ್ಚಿದರೆ ತೂಕ ನಿಲ್ಲಿಸಿ ವೈದ್ಯರಿಗೆ ತೋರಿಸುವುದು. ಊತ ಟೇಪಿಗೆ ಕಾಣುವ ಮುಂಚೆಯೇ ಬಳೆ, ಉಂಗುರ ಬಿಗಿಯಾಗುತ್ತವೆ, ತೋಳು ಭಾರವೆನಿಸುತ್ತದೆ, ಅದನ್ನೂ ಬರೆಯಬೇಕು. ಕೆಂಪು, ಬಿಸಿ, ಜ್ವರ ಬಂದರೆ ಸೋಂಕು: ಅಂದೇ ಆಸ್ಪತ್ರೆ.

ಲೆಟ್ರೋಜೋಲ್ (ಈಸ್ಟ್ರೋಜನ್ ತಗ್ಗಿಸುವ ಮಾತ್ರೆ) ಶುರುವಾದ ಮೇಲೆ.
ಬೆಳಿಗ್ಗೆ ಬೆರಳು, ಮಂಡಿ ಹಿಡಿದುಕೊಳ್ಳುತ್ತವೆ. ಈ ನೋವಿಗೆಂದೇ ಮಾತ್ರೆ ಬಿಡುವವರಿದ್ದಾರೆ, ಬಿಡಬಾರದು. ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಎರಡು ದಿನ ತೂಕ; ಇದರಿಂದ ಕೀಲುನೋವು ಇಳಿಯುತ್ತದೆ. ರೇಡಿಯೇಷನ್ ಬಿಗಿತ ತಿಂಗಳುಗಳ ನಂತರವೂ ಬರುತ್ತದೆ, ಹಾಗಾಗಿ ಗೋಡೆಯ ಗುರುತನ್ನು ಇನ್ನೂ ಎರಡು ವರ್ಷ ಅಳಿಸುವಂತಿಲ್ಲ.