ಅಂಗಾತ ತೇಲುವ ಗೋಲ್ಡ್‌ಫಿಶ್: ಔಷಧಿ ಬಾಟಲಿಗೆ ಕೈ ಹಾಕುವ ಮುನ್ನ

"ಸಾರ್, ಮೀನು ಉಲ್ಟಾ ಆಗ್ಬಿಟ್ಟಿದೆ, ಆದ್ರೆ ಕಿವಿರು ಆಡ್ತಾ ಇದೆ." ಅಕ್ವೇರಿಯಂ ಸರ್ವಿಸ್ ಕೆಲಸದಲ್ಲಿರುವ ಯಾರಿಗೂ ಈ ಫೋನ್ ಹೊಸದಲ್ಲ. ಅಂಥ ಮೀನು ಹೆಚ್ಚಾಗಿ ಒರಾಂಡಾ, ರಿಯುಕಿನ್ ಅಥವಾ ಪರ್ಲ್‌ಸ್ಕೇಲ್‌ನಂಥ ದುಂಡು ಮೈಯ ಗೋಲ್ಡ್‌ಫಿಶ್ ತಳಿ ಆಗಿರುತ್ತದೆ. ಉದ್ದ ಮೈಯ ಕಾಮೆಟ್‌ನಲ್ಲಿ ಈ ತೊಂದರೆ ಅಪರೂಪ. ನಾವು ಮನೆ ತಲುಪುವಷ್ಟರಲ್ಲಿ ಅಂಗಡಿಯಿಂದ ತಂದ ನೀಲಿ ಔಷಧಿ ನೀರಿಗೆ ಬಿದ್ದಿರುತ್ತದೆ, ಅಲ್ಲಿಂದ ಕೆಲಸ ಇಮ್ಮಡಿಯಾಗುತ್ತದೆ. ಮೀನು ನೀರಿನಲ್ಲಿ ಮುಳುಗದೆ, ತೇಲದೆ ನಿಲ್ಲಲು ನೆರವಾಗುವ ಗಾಳಿಚೀಲದ ಮೇಲೆ ತಪ್ಪು ಹೊರಿಸುವ ಮೊದಲು ನೀರು, ಆಹಾರ, ಚಳಿ ಈ ಮೂರನ್ನೂ ನೋಡಿ ಮುಗಿಸಿರಬೇಕು.

ದುಂಡು ಗೋಲ್ಡ್‌ಫಿಶ್‌ಗಳೇ ಯಾಕೆ ಮಗುಚುತ್ತವೆ ಅನ್ನುವುದಕ್ಕೆ ಕಾರಣ ಅವುಗಳ ಮೈಕಟ್ಟು. ಗೋಲ್ಡ್‌ಫಿಶ್‌ನ ಗಾಳಿಚೀಲಕ್ಕೆ ಎರಡು ಕೋಣೆ, ಅದರಿಂದ ಅನ್ನನಾಳಕ್ಕೆ ಒಂದು ಸಣ್ಣ ಕೊಳವೆ. ಚಂದಕ್ಕಾಗಿ ತಲೆಮಾರುಗಟ್ಟಲೆ ಆರಿಸಿ ಬೆಳೆಸಿ ಬೆನ್ನು ಗಿಡ್ಡವಾದಾಗ ಹಿಂದಿನ ಕೋಣೆ ಕುಗ್ಗಿದೆ, ಕರುಳು ಅದೇ ಇಕ್ಕಟ್ಟಿನಲ್ಲಿ ಸುರುಳಿ ಸುತ್ತಿಕೊಂಡಿದೆ. ಗೋಲ್ಡ್‌ಫಿಶ್‌ಗೆ ಜಠರ ಇಲ್ಲ, ತಿಂದದ್ದು ನೇರ ಕರುಳಿಗೆ. ಹಾಗಾಗಿ ಕರುಳು ಉಬ್ಬಿದರೆ ಸಾಕು, ಚೀಲ ಒತ್ತಿಕೊಂಡು ಮೀನಿನ ತೂಕದ ಲೆಕ್ಕ ತಪ್ಪುತ್ತದೆ.

ಮೊದಲು ನೀರು. ಮೀನನ್ನು ಮುಟ್ಟುವ ಮುನ್ನ ಒಂದು ಲೋಟ ಟ್ಯಾಂಕಿನ ನೀರು ತೆಗೆದಿಟ್ಟುಕೊಳ್ಳಿ. ಟೆಸ್ಟ್ ಕಿಟ್‌ನಲ್ಲಿ ನೋಡಿದಾಗ, ಮೀನಿನ ಕೊಳೆಯಿಂದ ಹುಟ್ಟುವ ಅಮೋನಿಯಾ, ನೈಟ್ರೈಟ್ ಸೊನ್ನೆ ಇರಬೇಕು, ನೈಟ್ರೇಟ್ 40 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಒಳಗೆ. ಬೋರ್‌ವೆಲ್ ನೀರಿನ ಪಿಎಚ್ 8ರ ಆಸುಪಾಸಿದ್ದರೆ ಕಾಲು ಪಿಪಿಎಂ ಅಮೋನಿಯಾವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ, ಪಿಎಚ್ ಮತ್ತು ಬಿಸಿ ಏರಿದಷ್ಟೂ ಅದರ ವಿಷ ಹೆಚ್ಚು. ಅಮೋನಿಯಾ ಕಂಡರೆ ಅಂದೇ ಅರ್ಧ ನೀರು ಬದಲಿಸಿ. ನೈಟ್ರೇಟ್ ಮಾತ್ರ ಏರಿರುವ ಹಳೇ ಟ್ಯಾಂಕ್ ಆದರೆ ದಿನಕ್ಕೆ ಕಾಲುಭಾಗದಂತೆ ನಾಲ್ಕು ದಿನ ಬದಲಿಸಿ, ಒಮ್ಮೆಲೇ ಎಲ್ಲ ತೆಗೆದರೆ ಪಿಎಚ್ ಹಾರಿ ಮೀನು ಕಂಗೆಡುತ್ತದೆ. ನಲ್ಲಿ ನೀರಿನ ಕ್ಲೋರಿನ್‌ಗೆ 100 ಲೀಟರಿಗೆ 1 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಹರಳು ಸಾಕು. ಬ್ಲೀಚಿಂಗ್ ಪೌಡರ್ ವಾಸನೆ ಹೊಡೆಯುವ ಟ್ಯಾಂಕರ್ ನೀರಿಗೆ 2 ಗ್ರಾಂ. ಶುದ್ಧ ನೀರು ಅಂತ ಆರ್‌ಓ ನೀರನ್ನೇ ತುಂಬುವ ಮನೆಗಳಿವೆ. ಅದರಲ್ಲಿ ಖನಿಜಾಂಶ ಇಲ್ಲದೆ ಪಿಎಚ್ ಕೆಲವೇ ವಾರದಲ್ಲಿ ಕುಸಿಯುತ್ತದೆ, ಮೀನು ಮೂಲೆ ಸೇರುತ್ತದೆ. ಇನ್ನು 10 ಲೀಟರಿನ ಗಾಜಿನ ಬೌಲಿನಲ್ಲಿ ಗೋಲ್ಡ್‌ಫಿಶ್ ಇಟ್ಟಿದ್ದರೆ ಬೇರೆ ಕಾರಣ ಹುಡುಕುವುದೇ ಬೇಡ. ಒಂದು ಮೀನಿಗೆ ಕನಿಷ್ಠ 60 ಲೀಟರ್ ಬೇಕು.

ನೀರು ಸರಿಯಿದ್ದರೆ ಮುಂದಿನ ಪ್ರಶ್ನೆ: ತಿಂದ ಮೇಲೆ ಮಾತ್ರ ತೇಲುತ್ತದೆಯೋ, ಯಾವಾಗಲೂ ತೇಲುತ್ತದೆಯೋ? ತಿಂದ ಮೇಲೆ ಮಾತ್ರ ಅಂದರೆ ತೊಂದರೆ ಆಹಾರದಲ್ಲಿದೆ. ಒಂದು ಲೋಟ ನೀರಿಗೆ ಮನೆಯಲ್ಲಿರುವ ಮೀನಿನ ಆಹಾರದ ಗುಳಿಗೆ ನಾಲ್ಕು ಹಾಕಿ ಹತ್ತು ನಿಮಿಷ ನೋಡಿ. ಅಗ್ಗದ ತೇಲುವ ಗುಳಿಗೆ ಮೇಲೇ ನಿಂತು ಊದಿಕೊಂಡು ಮೆತ್ತಗಾಗುತ್ತದೆ. ಆ ಊದುವಿಕೆ ಮೀನಿನ ಕರುಳಿನಲ್ಲಿ ಆಗುವುದನ್ನು ಊಹಿಸಿಕೊಳ್ಳಿ. ಜೊತೆಗೆ ಮೇಲ್ಮೈಯಿಂದ ಹೆಕ್ಕುವಾಗ ಪ್ರತಿ ತುತ್ತಿಗೂ ಒಂದು ಗುಟುಕು ಗಾಳಿ ನುಂಗುತ್ತದೆ. ಮೂರು ದಿನ ಉಪವಾಸ ಹಾಕಿ, ದೊಡ್ಡ ಗೋಲ್ಡ್‌ಫಿಶ್‌ಗೆ ಅದರಿಂದ ಏನೂ ಆಗುವುದಿಲ್ಲ. ಮನೆಯ ಮಕ್ಕಳು ಕದ್ದು ಕಾಳು ಹಾಕದಂತೆ ಡಬ್ಬಿ ಎತ್ತಿಡಲು ಹೇಳಿ. ನಾಲ್ಕನೇ ದಿನ ಹಸಿ ಬಟಾಣಿ: ಎರಡು ನಿಮಿಷ ಕುದಿಸಿ, ತಣ್ಣೀರಿಗೆ ಹಾಕಿ, ಸಿಪ್ಪೆ ಸುಲಿದು, ಒಳಗಿನ ಬೇಳೆಯನ್ನು ಉಗುರಿನಲ್ಲಿ ಹಿಸುಕಿ ಮೀನಿನ ಕಣ್ಣಿನಷ್ಟು ತುಣುಕು ಮಾಡಿ. ದಿನಕ್ಕೆ ಒಂದು ಕಾಳು ಸಾಕು. ಒಣ ಹಸಿರು ಬಟಾಣಿ ನೆನೆಸಿ ಹಾಕಬೇಡಿ, ಅದಕ್ಕೆ ಬಣ್ಣ ಹಾಕಿರುವುದುಂಟು. ಬಟಾಣಿ ಮಂತ್ರದಂಡವೇನಲ್ಲ. ಅದು ಮುಳುಗುತ್ತದೆ, ಊದುವುದಿಲ್ಲ, ನಾರಿದೆ, ಅದಕ್ಕೇ ಕೆಲಸ ಮಾಡುತ್ತದೆ. ವಾರಗಟ್ಟಲೆ ಅದೊಂದನ್ನೇ ಕೊಟ್ಟರೆ ಮೀನು ಸೊರಗುತ್ತದೆ.

ಮುಂದಕ್ಕೆ ಖಾಯಂ ಆಹಾರವಾಗಿ ಮನೆಯಲ್ಲೇ ಜೆಲ್ ಮಾಡಿಕೊಳ್ಳುವುದು ನಮ್ಮ ಮಟ್ಟಿಗೆ ಅತ್ಯುತ್ತಮ. 100 ಮಿಲಿ ನೀರಿಗೆ 2 ಗ್ರಾಂ ಚೈನಾಗ್ರಾಸ್ ಪುಡಿ ಹಾಕಿ ಪೂರ್ತಿ ಕರಗುವವರೆಗೆ ಕುದಿಸಿ ಇಳಿಸಿ. ಪಾತ್ರೆಯನ್ನು ಕೈಯಲ್ಲಿ ಹಿಡಿಯುವಷ್ಟು ಬಿಸಿ ಆರಿದಾಗ 20 ಗ್ರಾಂ ಒಳ್ಳೇ ಗೋಲ್ಡ್‌ಫಿಶ್ ಗುಳಿಗೆಯ ಪುಡಿ, ಎರಡು ಚಮಚ ಬಟಾಣಿ ಹಿಸುಕು ಸೇರಿಸಿ. ಕುದಿಯುವಾಗಲೇ ಹಾಕಿದರೆ ವಿಟಮಿನ್ ಸಿ ಹಾಳು, ತೀರಾ ತಣ್ಣಗಾದರೆ ಗಂಟು. ಐಸ್ ಟ್ರೇಯಲ್ಲಿ ಗಟ್ಟಿಯಾದ ಮೇಲೆ ತುಂಡು ಮಾಡಿ ಫ್ರೀಜರ್‌ನಲ್ಲಿಡಿ. ಹೊತ್ತಿಗೆ ಕಡಲೆಕಾಳಿನಷ್ಟು, ದಿನಕ್ಕೆ ಎರಡು ಹೊತ್ತು.

ಚಳಿಯನ್ನು ಮರೆಯುವವರೇ ಹೆಚ್ಚು. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಮನೆಯೊಳಗೂ ರಾತ್ರಿ ನೀರು ತಣ್ಣಗಾಗುತ್ತದೆ, ಆಗ ಜೀರ್ಣಶಕ್ತಿ ನಿಧಾನ. ಕಾಯಿಲೆ ಮೀನಿಗೆ 24 ಡಿಗ್ರಿಯಲ್ಲಿ ನೀರು ನಿಲ್ಲಿಸಿ. 50 ಲೀಟರಿಗೆ 50 ವಾಟ್ ಹೀಟರ್ ಸಾಕು, ಜೊತೆಯಲ್ಲಿ ಥರ್ಮಾಮೀಟರ್ ಇರಲೇಬೇಕು.

ಇಷ್ಟಾದರೂ ತೇಲುತ್ತಿದ್ದರೆ ಬೇರೆ ಟಬ್‌ಗೆ ಹಾಕಿ, ನೀರಿನ ಆಳ 15ರಿಂದ 20 ಸೆಂಟಿಮೀಟರ್ ಮಾತ್ರ ಇಡಿ. ಚಾಲ್ತಿಯಲ್ಲಿರುವ ಟ್ಯಾಂಕಿನಿಂದಲೇ ತೆಗೆದ ಸ್ಪಂಜ್ ಫಿಲ್ಟರ್ ಹಾಕಿ, ಗಾಳಿ ಮೆಲ್ಲಗೆ ಬಿಡಿ. 20 ಲೀಟರಿಗೆ ಮಟ್ಟಸವಾಗಿ ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ ಎಪ್ಸಮ್ ಸಾಲ್ಟ್ (ಮೆಗ್ನೀಷಿಯಂ ಸಲ್ಫೇಟ್) ಕರಗಿಸಿ ಹಾಕಿದರೆ ಕರುಳು ಸಡಿಲವಾಗುತ್ತದೆ. ಮೆಡಿಕಲ್ ಶಾಪಿನದನ್ನೇ ತನ್ನಿ, ಗೊಬ್ಬರದ ಅಂಗಡಿಯದು ಶುದ್ಧವಿರುವುದಿಲ್ಲ. ಕಲ್ಲುಪ್ಪಿನ ಕೆಲಸ ಬೇರೆ: ಲೀಟರಿಗೆ 1ರಿಂದ 2 ಗ್ರಾಂ ಹಾಕಿದರೆ ಮೀನಿನ ಮೈಯೊಳಗೆ ನುಗ್ಗುವ ನೀರು ಕಡಿಮೆಯಾಗಿ ಮೂತ್ರಪಿಂಡಕ್ಕೆ ವಿರಾಮ ಸಿಗುತ್ತದೆ, ನೈಟ್ರೈಟ್ ಕಿವಿರಿಗೆ ಇಳಿಯುವುದೂ ತಗ್ಗುತ್ತದೆ. ಆದರೆ ಉಪ್ಪಿನಿಂದ ಮಲಬದ್ಧತೆ ಹೋಗುವುದಿಲ್ಲ. ಎರಡನ್ನೂ ಒಂದೇ ಎಂದು ತಿಳಿಯುವುದು ಈ ಕೆಲಸದಲ್ಲಿ ಪದೇ ಪದೇ ಕಾಣುವ ತಪ್ಪು.

ನೀಲಿ ಔಷಧಿ ಅಂದರೆ ಮೆಥಿಲೀನ್ ಬ್ಲೂ. ಬೂಷ್ಟಿಗೆ, ಮೊಟ್ಟೆಗೆ ಒಳ್ಳೆಯದು, ತೇಲುವ ಮೀನಿಗೆ ಅದರಿಂದ ಏನೂ ಆಗದು. ಮುಖ್ಯ ಟ್ಯಾಂಕಿಗೆ ಸುರಿದರೆ ಅಮೋನಿಯಾ ತಿಂದು ಮುಗಿಸುವ ಫಿಲ್ಟರಿನ ಒಳ್ಳೇ ಬ್ಯಾಕ್ಟೀರಿಯಾಕ್ಕೆ ಪೆಟ್ಟು ಬಿದ್ದು, ಇಲ್ಲದ ಅಮೋನಿಯಾ ಹುಟ್ಟಿಕೊಳ್ಳುತ್ತದೆ. ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಹಾಕುವವರೂ ಇದ್ದಾರೆ. ಗಡಸು ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಅದನ್ನು ಕಟ್ಟಿಹಾಕುತ್ತದೆ, ಮೀನಿಗೆ ತಲುಪುವುದು ಅಲ್ಪ. ಮೇಲಿನಿಂದ ನೋಡಿದಾಗ ಹುರುಪೆಗಳು ಹಲಸಿನಕಾಯಿ ಮುಳ್ಳಿನಂತೆ ಎದ್ದಿದ್ದರೆ ಅದು ಡ್ರಾಪ್ಸಿ, ಅಂದರೆ ಮೈಯೊಳಗೆ ನೀರು ತುಂಬಿ ಊದಿಕೊಳ್ಳುವುದು; ಈ ಬರಹದ ಉಪಾಯಗಳು ಅದಕ್ಕೆ ಸಾಲವು. ಮೀನಿನ ರೋಗ ಗೊತ್ತಿರುವ ಪಶುವೈದ್ಯರನ್ನು ಕೇಳಬೇಕು. ಎಕ್ಸ್‌ರೇ ತೆಗೆದರೆ ಗಾಳಿಚೀಲದ ಕೋಣೆಗಳು ಕಪ್ಪಗೆ ಸ್ಪಷ್ಟವಾಗಿ ಕಾಣುತ್ತವೆ, ಚೀಲ ಹಿಗ್ಗಿದೆಯೋ ನೀರು ತುಂಬಿದೆಯೋ ತಿಳಿಯುತ್ತದೆ.

ತಿಂಗಳಾದರೂ ಮಗುಚಿಕೊಂಡೇ ಇದ್ದು, ಚೆನ್ನಾಗಿ ತಿನ್ನುವ ಮೀನಿಗೆ ಆಸರೆ ಕಟ್ಟಬಹುದು. 2017ರಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೋದ ಅಕ್ವೇರಿಯಂ ಅಂಗಡಿಯೊಂದರ ನೌಕರರು ಏರ್ ಪೈಪಿನಿಂದ ಗೋಲ್ಡ್‌ಫಿಶ್‌ಗೆ 'ಗಾಲಿಕುರ್ಚಿ' ಮಾಡಿದ ಚಿತ್ರ ಎಲ್ಲೆಡೆ ಹರಡಿತ್ತು. ಚಿತ್ರದಲ್ಲಿ ಸುಲಭ ಕಾಣುತ್ತದೆ, ಕಟ್ಟುವಾಗ ಸೂಕ್ಷ್ಮಗಳಿವೆ.

ಪಿವಿಸಿ ಪೈಪ್ ಬೇಡ, ಮೆತ್ತನೆಯ ಸಿಲಿಕಾನ್ ಏರ್ ಪೈಪ್ ತನ್ನಿ. ಕೈ ಒದ್ದೆ ಮಾಡಿಕೊಂಡು, ಎದೆಯ ರೆಕ್ಕೆಗಳ ಹಿಂದೆ, ಬೆನ್ನಿನ ರೆಕ್ಕೆಗೆ ಮುಂದೆ ಹತ್ತಿ ದಾರ ಸುತ್ತಿ ಅಳತೆ ತೆಗೆಯಿರಿ. ಪೈಪಿಗೂ ಮೈಗೂ ನಡುವೆ ಬೆಂಕಿಕಡ್ಡಿ ಸಲೀಸಾಗಿ ಓಡಾಡುವಷ್ಟು ಸಡಿಲ ಇರಲಿ. ಎರಡು ತುದಿಯನ್ನೂ ಇಂಗ್ಲಿಷಿನ T ಆಕಾರದ ಒಂದು ಟೀ ಕನೆಕ್ಟರ್‌ಗೆ ಸೇರಿಸಿ. ತೇಲುವ ಮೀನಿಗೆ ಟೀ ಹೊಟ್ಟೆಯ ಕೆಳಗೆ ಬಂದು ಅದಕ್ಕೆ ಭಾರ, ತಳದಲ್ಲೇ ಬಿದ್ದಿರುವ ಮೀನಿಗೆ ಟೀ ಬೆನ್ನ ಮೇಲೆ ಬಂದು ಅದಕ್ಕೆ ಥರ್ಮಾಕೋಲ್. ಪೈಪು ಕಿವಿರಿನ ಮುಚ್ಚಳಕ್ಕಾಗಲಿ ಗುದದ್ವಾರಕ್ಕಾಗಲಿ ತಗುಲಬಾರದು. ಇಲ್ಲಿ ಎಲ್ಲರೂ ಎಡವುವ ಒಂದು ವಿಷಯವಿದೆ: ಪೈಪಿನೊಳಗೆ ಉಳಿದ ಗಾಳಿಯೇ ಮೀನನ್ನು ಮೇಲೆತ್ತುತ್ತದೆ. ಕಾಯಿಸಿದ ಸೂಜಿಯಿಂದ ನಾಲ್ಕೈದು ತೂತು ಮಾಡಿ, ನೀರಿನೊಳಗೆ ಹಿಸುಕಿ ಗಾಳಿ ಪೂರ್ತಿ ಹೊರಡಿಸಿ.

ಭಾರಕ್ಕೆ ಸೀಸ, ಹಿತ್ತಾಳೆ, ಜಿಂಕ್ ಲೇಪದ ನಟ್ ಯಾವುದೂ ಬೇಡ, ಮೂರೂ ಮೀನಿಗೆ ವಿಷ. ಸಣ್ಣ ಸ್ಟೇನ್‌ಲೆಸ್ ಸ್ಟೀಲ್ ನಟ್‌ಗಳನ್ನು ಒಂದೊಂದಾಗಿ ಪೋಣಿಸುತ್ತಾ ಹೋಗಿ, ಮೀನು ನಡುನೀರಿನಲ್ಲಿ ನಿಂತಾಗ ನಿಲ್ಲಿಸಿ. ಥರ್ಮಾಕೋಲ್ ಆದರೆ 1 ಘನ ಸೆಂಟಿಮೀಟರ್ ತುಂಡು ಹತ್ತಿರ ಹತ್ತಿರ 1 ಗ್ರಾಂ ಎತ್ತುತ್ತದೆ, ಹಾಗಾಗಿ ಅರ್ಧ ಸೆಂಟಿಮೀಟರ್ ಘನದ ತುಂಡುಗಳಿಂದ ಶುರುಮಾಡಿ. ಮೊದಲ ದಿನ ಎರಡೇ ಗಂಟೆ. ಆಮೇಲೆ ದಿನಕ್ಕೆ ಎರಡು ಸಲ ಪೈಪಿನ ಕೆಳಗೆ ಕೆಂಪು ಗೆರೆ, ಉದುರಿದ ಹುರುಪೆ ಇದೆಯೇ ನೋಡಿ. ಇದ್ದರೆ ಎರಡು ದಿನ ಬಿಚ್ಚಿಡಿ. ಚೀಲದ ಗಾಳಿ ಹೆಚ್ಚುಕಮ್ಮಿ ಆಗುತ್ತಿರುತ್ತದೆ, ವಾರಕ್ಕೊಮ್ಮೆ ಭಾರ ಸರಿಮಾಡಿ. ಆಸರೆ ಒಪ್ಪದ ಮೀನಿಗೆ ಒತ್ತಾಯ ಬೇಡ. ಕಡಿಮೆ ಆಳ, ಜಲ್ಲಿಯಿಲ್ಲದ ನುಣುಪು ತಳ, ಪ್ಲಾಸ್ಟಿಕ್ ಚಿಮುಟದಲ್ಲಿ ಬಾಯಿಯ ಹತ್ತಿರವೇ ತುತ್ತು, ಇಷ್ಟಿದ್ದರೆ ಮಗುಚಿದ ಮೀನೂ ಎಷ್ಟೋ ಕಾಲ ಬಾಳುತ್ತದೆ. ಯಜಮಾನರ ನೆರಳು ಕಂಡರೆ ಅಂಗಾತವಾಗಿಯೇ ತೆವಳುತ್ತಾ ಗಾಜಿನ ಬಳಿ ಬರುತ್ತದೆ.

ಬೆನ್ನು ಬಾಗಿದ ಮೀನಿನ ವಿಷಯ ಬೇರೆ. ಮರಿಯಿಂದಲೇ ಬಾಗಿದ್ದರೆ ಅದು ಹುಟ್ಟಿನ ಊನ, ಚಿಂತೆಯಿಲ್ಲ. ವಿಟಮಿನ್ ಸಿ ಕೊರತೆಯಿಂದಲೂ ಬಾಗುತ್ತದೆ, ತಿಂಗಳುಗಟ್ಟಲೆ ತೆರೆದಿಟ್ಟ ಡಬ್ಬಿಯ ಕಾಳೇ ಗತಿಯಾದ ಮೀನಿನಲ್ಲಿ ಇದನ್ನು ಅನುಮಾನಿಸಿ. ಆದರೆ ದೊಡ್ಡದಾದ ಮೇಲೆ ಬಾಗಿ, ಹೊಟ್ಟೆ ಒಳಸೇರಿ, ಮೈಮೇಲೆ ಹುಣ್ಣು ಎದ್ದರೆ ಮೀನಿನ ಕ್ಷಯ ಇರಬಹುದು. ಅದರ ಬ್ಯಾಕ್ಟೀರಿಯಾ ಕೈಯ ಗಾಯದ ಮೂಲಕ ಮನುಷ್ಯರಿಗೂ ತಗುಲಿ, ತಿಂಗಳುಗಟ್ಟಲೆ ಮಾಯದ ಗಂಟು ಎಬ್ಬಿಸುತ್ತದೆ. ನಮ್ಮ ಕೆಲಸದವರು ಮೊಣಕೈವರೆಗಿನ ಗ್ಲೌಸ್ ಇಲ್ಲದೆ ಅಂಥ ಟ್ಯಾಂಕಿಗೆ ಕೈ ಹಾಕಬಾರದು, ಸೈಫನ್ ಪೈಪನ್ನು ಬಾಯಲ್ಲಿ ಎಳೆಯಲೇಬಾರದು. ಆ ಮನೆಯ ಬಲೆ, ಬಕೆಟ್ ಇನ್ನೊಂದು ಮನೆಗೆ ಹೋಗಬಾರದು.

ತಿನ್ನುವುದನ್ನೇ ಬಿಟ್ಟು, ಮೈ ಹುಣ್ಣಾಗಿ, ತಿರುಗಲೂ ಆಗದ ಮೀನನ್ನು ಎಳೆದಾಡಿಸಬೇಡಿ. ಫ್ರೀಜರ್‌ಗೆ ಹಾಕುವುದು, ಕಮೋಡಿಗೆ ಬಿಡುವುದು ಎರಡೂ ಹಿಂಸೆ. ಮೆಡಿಕಲ್ ಶಾಪಿನ ಲವಂಗದ ಎಣ್ಣೆ 2 ಮಿಲಿಯನ್ನು ಉಗುರುಬೆಚ್ಚಗಿನ ನೀರಿನ ಬಾಟಲಿಗೆ ಹಾಕಿ ಹಾಲಿನಂತಾಗುವವರೆಗೆ ಕುಲುಕಿ. ಅದೇ ಟ್ಯಾಂಕಿನ 5 ಲೀಟರ್ ನೀರಿನಲ್ಲಿ ಮೀನಿಟ್ಟು, ಮೊದಲು ಕಾಲುಭಾಗ ನಿಧಾನವಾಗಿ ಬೆರೆಸಿ. ಮೀನಿಗೆ ಅಮಲೇರಿ ಮುಟ್ಟಿದರೂ ಅಲುಗದಾದಾಗ ಉಳಿದದ್ದನ್ನು ಹಾಕಿ. ಕಿವಿರು ನಿಂತ ಮೇಲೂ ಅರ್ಧ ಗಂಟೆ ಹಾಗೇ ಬಿಡಿ. ಎಣ್ಣೆ ತಾಗಿದ ಪಾತ್ರೆ ಮತ್ತೆ ಅಕ್ವೇರಿಯಂಗೆ ಬೇಡ. ಮೀನನ್ನು ಒಂದಡಿ ಆಳದ ಮಣ್ಣಿನಲ್ಲಿ ಹೂಳಿ. ಸಾಕಲಾಗದ ಮೀನಾಗಲಿ, ಸತ್ತ ಮೀನಾಗಲಿ, ಆ ಟ್ಯಾಂಕಿನ ನೀರಾಗಲಿ ಊರ ಕೆರೆಗೆ ಸೇರದಂತೆ ನೋಡಿಕೊಳ್ಳಿ.