ಹಳೆ ಫೋಕ್ಸ್‌ವ್ಯಾಗನ್ ವ್ಯಾನು: ಇಗ್ನಿಷನ್ ಸ್ವಿಚ್ ಬಿಚ್ಚುವ ಮೊದಲು ಮಲ್ಟಿಮೀಟರ್ ಹಿಡಿಯಿರಿ

ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ಕೆಂಪು ದೀಪ, ಹಸಿರು ದೀಪ ಎರಡೂ ಹತ್ತುತ್ತವೆ, ಸೆಲ್ಫ್ ಮಾತ್ರ ಹೊಡೆಯುವುದಿಲ್ಲ. ಮೂರ್ನಾಲ್ಕು ಸಲ ತಿರುಗಿಸಿದ ಮೇಲೆ ಏನೂ ಆಗಿಲ್ಲವೇನೋ ಅನ್ನುವಂತೆ ಹೊಡೆಯುತ್ತದೆ. ಇಂಜಿನ್ ಬಿಸಿಯಾಗಿದ್ದಾಗ ಈ ಕಾಟ ಇನ್ನೂ ಜಾಸ್ತಿ. ಜರ್ಮನಿಯಲ್ಲಿ 1967ರಿಂದ 1979ರವರೆಗೆ ತಯಾರಾದ ಟೈಪ್ 2 ವ್ಯಾನು, ಅಂದರೆ ಮುಂದೆ ಒಂದೇ ದೊಡ್ಡ ಬಾಗಿದ ಗಾಜಿರುವ ‘ಬೇ ವಿಂಡೋ’, ಈ ದೂರು ಹೊತ್ತು ಬಂದರೆ ಎಲ್ಲರ ಗುಮಾನಿ ಮೊದಲು ಬೀಳುವುದು ಇಗ್ನಿಷನ್ ಸ್ವಿಚ್ ಮೇಲೆ. ಗುಮಾನಿ ಸುಳ್ಳಲ್ಲ. ಆದರೆ ಸ್ವಿಚ್ ಯಾಕೆ ಸತ್ತಿತು ಅಂತ ನೋಡದೆ ಹೊಸದು ಕೂರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಈ ವ್ಯಾನಿನ ವೈರಿಂಗ್ ಹೇಗೆ ಓಡುತ್ತದೆ ಅನ್ನುವುದು ತಲೆಯಲ್ಲಿರಬೇಕು. ಬ್ಯಾಟರಿ ಹಿಂದೆ, ಇಂಜಿನ್ ಕೋಣೆಯ ಬಲಗಡೆ. ಸೆಲ್ಫ್ ಮೋಟರೂ ಹಿಂದೆಯೇ, ಗೇರ್‌ಬಾಕ್ಸಿನ ಬಲಗಡೆ. ಎರಡಕ್ಕೂ ಹೆಚ್ಚು ದೂರವಿಲ್ಲ. ಆದರೂ ಸೊಲೆನಾಯ್ಡ್ (ಸೆಲ್ಫ್ ಮೇಲೆ ಕೂತು ಅದನ್ನು ಇಂಜಿನ್ನಿಗೆ ಕಚ್ಚಿಸುವ ವಿದ್ಯುತ್ ಅಯಸ್ಕಾಂತ) ಎಳೆಯಲು ಬೇಕಾದ ಕರೆಂಟು ಬ್ಯಾಟರಿಯಿಂದ ಹೊರಟು ವ್ಯಾನಿನ ಮೂತಿಯವರೆಗೆ ಬಂದು, ಸ್ವಿಚ್ ದಾಟಿ, ಮತ್ತೆ ಅಷ್ಟೇ ದೂರ ಹಿಂದಕ್ಕೆ ಹೋಗಬೇಕು. ಸೊಲೆನಾಯ್ಡ್ ಎಳೆಯುವ ಕ್ಷಣದಲ್ಲಿ 30 ಆಂಪಿಯರ್ ಆಸುಪಾಸು ಕೇಳುತ್ತದೆ. ಲೆಕ್ಕ ಹಾಕಿ ನೋಡಿ. 4 ಚದರ ಮಿಲಿಮೀಟರಿನ ತಾಮ್ರದ ವೈರು ಮೀಟರಿಗೆ ಸುಮಾರು 4.3 ಮಿಲಿಓಮ್, 2.5 ಚದರ ಮಿಲಿಮೀಟರಿನದು ಸುಮಾರು 7 ಮಿಲಿಓಮ್. ಮುಂದಕ್ಕೆ ದಪ್ಪದ್ದು 5 ಮೀಟರ್, ಹಿಂದಕ್ಕೆ ಸಣ್ಣದು 5 ಮೀಟರ್ ಅಂದುಕೊಂಡರೆ ಒಟ್ಟು 56 ಮಿಲಿಓಮ್ ಚಿಲ್ಲರೆ. 30 ಆಂಪಿಯರಿಗೆ 1.7 ವೋಲ್ಟ್ ದಾರಿಯಲ್ಲೇ ಖರ್ಚು. ಇದು ವೈರು, ಸ್ವಿಚ್, ಲಗ್ಗು (ವೈರು ಸಿಕ್ಕಿಸುವ ಲೋಹದ ತುದಿ) ಎಲ್ಲ ಹೊಸದಾಗಿದ್ದಾಗಿನ ಕಥೆ. ಐವತ್ತು ವರ್ಷದ ತುಕ್ಕು, ಕಪ್ಪು ಹಿಡಿದ ಲಗ್ಗು, ಸುಟ್ಟ ಕಾಂಟ್ಯಾಕ್ಟು ಸೇರಿದರೆ ಸೊಲೆನಾಯ್ಡಿಗೆ ಉಳಿಯುವುದು ಅದನ್ನು ಎಳೆಯಲು ಸಾಲದಷ್ಟು ವೋಲ್ಟೇಜು. ಬಿಸಿಯಾದರೆ ತಾಮ್ರದ ಕಾಯಿಲಿನ ರೆಸಿಸ್ಟೆನ್ಸ್ ಏರುತ್ತದೆ, ಅದಕ್ಕೇ ಬಿಸಿ ಇಂಜಿನ್ನಿನ ಹೊತ್ತಿಗೆ ತಕರಾರು.

ಹಾಗಾಗಿ ಸ್ಕ್ರೂಡ್ರೈವರ್ ಆಮೇಲೆ, ಮಲ್ಟಿಮೀಟರ್ ಮೊದಲು. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಡಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ತುದಿಗಳಲ್ಲೇ 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿಯದ್ದೇ ದೋಷ, ಸ್ವಿಚ್ ಮುಟ್ಟಬೇಡಿ. ಬ್ಯಾಟರಿ ಗಟ್ಟಿಯಿದ್ದರೆ ಗೇರ್‌ಬಾಕ್ಸಿನ ಮುಂತುದಿಯಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ನೋಡಿ. ಇಂಜಿನ್, ಗೇರ್‌ಬಾಕ್ಸ್ ಎರಡೂ ರಬ್ಬರ್ ಮೇಲೆ ಕೂತಿರುವುದರಿಂದ ಆ ಪಟ್ಟಿಯೊಂದೇ ಸರಿಯಾದ ಅರ್ತ್. ಅದು ಹರಿದಿದ್ದರೆ ಕರೆಂಟು ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ, ಕೇಬಲ್ಲು ಬಿಸಿಯಾಗುತ್ತದೆ.

ಇನ್ನು ಸ್ವಿಚ್. ಮೀಟರಿನ ಒಂದು ಮುಳ್ಳು ಸ್ವಿಚ್ಚಿಗೆ ಬ್ಯಾಟರಿಯ ಕರೆಂಟು ಬರುವ 30ನೇ ಟರ್ಮಿನಲ್ ಮೇಲೆ, ಇನ್ನೊಂದು ಸೆಲ್ಫಿಗೆ ಹೋಗುವ 50ರ ಮೇಲೆ ಇಟ್ಟು ಒಬ್ಬರು ಕೀ ತಿರುಗಿಸಲಿ. ಒಳಗಿನ ಕಾಂಟ್ಯಾಕ್ಟ್ ಚೆನ್ನಾಗಿದ್ದರೆ 0.1 ಅಥವಾ 0.2 ವೋಲ್ಟ್ ತೋರಿಸುತ್ತದೆ. ಅರ್ಧ ವೋಲ್ಟ್ ದಾಟಿತೆಂದರೆ ಕಾಂಟ್ಯಾಕ್ಟ್ ಸುಟ್ಟಿದೆ. ಪೂರಾ ಬ್ಯಾಟರಿ ವೋಲ್ಟೇಜ್ ತೋರಿಸಿದರೆ ಕಾಂಟ್ಯಾಕ್ಟ್ ಸೇರುತ್ತಲೇ ಇಲ್ಲ. ಸ್ವಿಚ್ಚಿನಲ್ಲಿ ನಷ್ಟವಿಲ್ಲದೆಯೂ ಸೆಲ್ಫ್ ತಗೊಳ್ಳದಿದ್ದರೆ ವೈರು, ಲಗ್ಗು, ಇಲ್ಲವೇ ಸೊಲೆನಾಯ್ಡೇ ಕಾರಣ.

ಸ್ವಿಚ್ ಹೋಗಿರುವುದಕ್ಕೆ ಬೇರೆ ಗುರುತುಗಳೂ ಇವೆ. ಸೆಲ್ಫ್ ಹೊಡೆದು ಇಂಜಿನ್ ಹಿಡಿದು, ಕೀ ಬಿಟ್ಟ ಕೂಡಲೇ ನಿಂತರೆ ಓಡುವ ಸ್ಥಾನದಲ್ಲಿ ಇಗ್ನಿಷನ್ನಿನ 15ನೇ ಟರ್ಮಿನಲ್ ಸೇರುತ್ತಿಲ್ಲ. ಕೀ ಅಲ್ಲಾಡಿಸಿದಾಗ ಚಾರ್ಜಿಂಗ್ ದೀಪ ಮಿಣುಕಿದರೂ ಅದೇ. ಕೀ ಬಿಟ್ಟರೂ ಸೆಲ್ಫ್ ತಿರುಗುತ್ತಲೇ ಇದ್ದರೆ ಇಗ್ನಿಷನ್ ಜೊತೆ ಆಟ ಬೇಡ, ಓಡಿ ಹೋಗಿ ಬ್ಯಾಟರಿಯ ನೆಗೆಟಿವ್ ಕಳಚಿ. ಒಂದು ಮಾತ್ರ ದೋಷವಲ್ಲ: 1970ರ ದಶಕದ ಸ್ವಿಚ್ಚುಗಳಲ್ಲಿ ಒಮ್ಮೆ ಸೆಲ್ಫ್ ಹೊಡೆದ ಮೇಲೆ ಕೀ ಪೂರ್ತಿ ಹಿಂದಕ್ಕೆ ತಂದೇ ಮತ್ತೆ ಹೊಡೆಯಬೇಕು. ಓಡುತ್ತಿರುವ ಇಂಜಿನ್ನಿಗೆ ಸೆಲ್ಫ್ ಕಚ್ಚದಿರಲಿ ಅಂತ ಮಾಡಿದ ತಡೆ ಅದು. ಸ್ವಿಚ್ ಸಿಕ್ಕಿಕೊಂಡಿದೆ ಅಂದುಕೊಂಡು ಬಲವಾಗಿ ತಿರುಗಿಸಿ ಒಳಗಿನ ಪ್ಲಾಸ್ಟಿಕ್ ಮುರಿದುಕೊಂಡವರು ಬೇಕಾದಷ್ಟು ಜನ.

ಸ್ಟಿಯರಿಂಗ್ ಲಾಕ್ ಇರುವ ಮಾದರಿಯಲ್ಲಿ ನಾವು ‘ಸ್ವಿಚ್’ ಅನ್ನುವುದು ನಿಜವಾಗಿ ಎರಡು ಸಾಮಾನು. ಕೀ ಹೋಗುವ ಲಾಕ್ ಸಿಲಿಂಡರ್ ಒಂದು, ಅದರ ಹಿಂದೆ ಕೂರುವ ದುಂಡನೆಯ ಪ್ಲಾಸ್ಟಿಕ್ಕಿನ ಎಲೆಕ್ಟ್ರಿಕಲ್ ಭಾಗ ಇನ್ನೊಂದು. ಸಾಮಾನ್ಯವಾಗಿ ಹಾಳಾಗುವುದು ಎರಡನೆಯದು, ಅದು ಅಗ್ಗವೂ ಹೌದು. ಅದನ್ನು ಬಿಟ್ಟು ಲಾಕ್ ಸಮೇತ ಕೊಂಡರೆ ದುಡ್ಡೂ ದಂಡ, ಬಾಗಿಲಿಗೊಂದು ಕೀ, ಇಗ್ನಿಷನ್ನಿಗೊಂದು ಕೀ ಆಗುತ್ತದೆ. ಎಲೆಕ್ಟ್ರಿಕಲ್ ಭಾಗದ ನಂಬರು ಹಲವು ವ್ಯಾನುಗಳಲ್ಲಿ 111905865ರಿಂದ ಶುರುವಾಗುತ್ತದೆ. ಕೊನೆಯ ಅಕ್ಷರ ಮಾದರಿಗೆ ತಕ್ಕಂತೆ ಬದಲಾಗುವುದರಿಂದ ಹಳೆಯದನ್ನು ಕೈಯಲ್ಲಿಟ್ಟುಕೊಂಡು ಟರ್ಮಿನಲ್‌ಗಳ ಜಾಗ, ಲಾಕಿನ ನಾಲಿಗೆ ಕೂರುವ ಸೀಳಿನ ಆಕಾರ ಹೋಲಿಸಿಯೇ ತರಬೇಕು.

ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಈ ವ್ಯಾನಿನಲ್ಲಿ ಸ್ವಿಚ್ಚಿಗೆ ಬರುವ ಕೆಂಪು ವೈರಿಗೆ ಫ್ಯೂಸೇ ಇಲ್ಲ. ಪಾನಾ ಜಾರಿ ಬಾಡಿಗೆ ತಾಗಿದರೆ ಕೆಂಪು ವೈರಿನ ಜೊತೆ ಇಡೀ ಕಟ್ಟು ಬೇಯುತ್ತದೆ. ಜರ್ಮನ್ ಬಣ್ಣದ ಲೆಕ್ಕದಲ್ಲಿ ಕೆಂಪು 30, ಅಂದರೆ ಯಾವಾಗಲೂ ಕರೆಂಟಿರುವುದು. ಕಪ್ಪು 15, ಇಗ್ನಿಷನ್. ಕೆಂಪು-ಕಪ್ಪು 50, ಸೆಲ್ಫ್. ಕಪ್ಪು-ಹಳದಿ ಎಕ್ಸ್, ಸೆಲ್ಫ್ ಹೊಡೆಯುವಾಗ ಹೆಡ್‌ಲೈಟಿನಂಥ ದೊಡ್ಡ ಲೋಡುಗಳನ್ನು ಬಿಡಿಸುವುದು. ಹಿಂದೆ ಯಾರು ಯಾವ ವೈರು ಬದಲಿಸಿದ್ದಾರೋ ಗೊತ್ತಿರುವುದಿಲ್ಲವಾದ್ದರಿಂದ ಬಣ್ಣ ನಂಬದೆ ಟೇಪಿನ ಚೀಟಿ ಅಂಟಿಸಿ, ಫೋಟೋ ತೆಗೆದಿಟ್ಟುಕೊಳ್ಳಿ.

ಸ್ಟಿಯರಿಂಗ್ ಬಿಚ್ಚುವ ಮುನ್ನ ಮಾಡಬೇಕಾದ ಒಂದು ಪರೀಕ್ಷೆ ಅರ್ಧ ದಿನದ ಕೆಲಸ ಉಳಿಸುತ್ತದೆ. ವೈರುಗಳನ್ನು ಹಳೆಯದರಿಂದ ಕಳಚಿ ಹೊಸ ಎಲೆಕ್ಟ್ರಿಕಲ್ ಭಾಗಕ್ಕೆ ಸಿಕ್ಕಿಸಿ, ಅದು ಗಾಳಿಯಲ್ಲೇ ನೇತಾಡಲಿ, ಲಗ್ಗುಗಳು ಎಲ್ಲೂ ಬಾಡಿಗೆ ತಾಗದಂತೆ ಬಟ್ಟೆ ಸುತ್ತಿ. ಕೀಯಿಂದ ಸ್ಟಿಯರಿಂಗ್ ಲಾಕ್ ಬಿಡಿಸಿಡಿ. ಬ್ಯಾಟರಿ ಜೋಡಿಸಿ, ಹೊಸ ಭಾಗದ ಸೀಳಿಗೆ ಚಪ್ಪಟೆ ಸ್ಕ್ರೂಡ್ರೈವರ್ ಕೊಟ್ಟು ತಿರುಗಿಸಿ. ಇಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆದರೆ ರೋಗ ಸ್ವಿಚ್ಚಿನದ್ದೇ ಅಂತ ಖಾತ್ರಿ. ಆಗದಿದ್ದರೆ ಬಿಚ್ಚುವ ಕಷ್ಟವೇ ಬೇಡ, ಹಿಂದೆ ಹೋಗಿ ಹುಡುಕಿ.

ಖಾತ್ರಿಯಾದ ಮೇಲೆ ಮತ್ತೆ ನೆಗೆಟಿವ್ ಕಳಚಿ ಸ್ಟಿಯರಿಂಗ್ ಚಕ್ರ ತೆಗೆಯಿರಿ. ಚಕ್ರ ನೇರವಾಗಿದ್ದಾಗ ಶಾಫ್ಟಿಗೂ ಚಕ್ರಕ್ಕೂ ಗುರುತು ಹಾಕುವುದು ಮರೆಯಬೇಡಿ. ಆಮೇಲೆ ಇಂಡಿಕೇಟರ್, ವೈಪರ್ ಸ್ವಿಚ್ಚುಗಳು, ಅವುಗಳ ಹಿಂದೆ ಲಾಕಿನ ಹೌಸಿಂಗ್. ಎಲೆಕ್ಟ್ರಿಕಲ್ ಭಾಗವನ್ನು ಹಿಡಿದಿರುವುದು ಒಂದೇ ಒಂದು ಪುಟ್ಟ ಸ್ಕ್ರೂ. ಅದರ ತಲೆ ಎಷ್ಟೋ ಸಲ ಪೇಂಟ್ ಹಚ್ಚಿ ಮುಚ್ಚಿರುತ್ತದೆ. ಸೂಜಿಯಿಂದ ಪೇಂಟ್ ಕೆದಕಿ, ಗೀರಿಗೆ ಸರಿಯಾಗಿ ಕೂರುವ ಗಡಿಯಾರದವರ ಸ್ಕ್ರೂಡ್ರೈವರ್ ಹಿಡಿಯಿರಿ. ದೊಡ್ಡದು ಹಿಡಿದು ತಲೆ ಸವೆಸಿದರೆ ಡ್ರಿಲ್ ಮಾಡದೆ ಗತಿಯಿಲ್ಲ, ಹೌಸಿಂಗ್ ಮೆತ್ತನೆಯ ಲೋಹ.

ಹೊರಬಂದ ಹಳೆಯ ಭಾಗವನ್ನು ಬೆಳಕಿಗೆ ಹಿಡಿದರೆ ಕಾರಣ ಕಣ್ಣಿಗೆ ಬೀಳುತ್ತದೆ: 50ರ ಲಗ್ಗಿನ ಬುಡದಲ್ಲಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿರುತ್ತದೆ, ಲಗ್ಗು ಬೆರಳಿಗೆ ಅಲ್ಲಾಡುತ್ತದೆ. ನಡುವಿನ ಸೀಳು ಬಿರಿದಿದ್ದರೆ ಅದು ಕೀಗೊಂಚಲಿನ ಭಾರ, ಇಲ್ಲವೇ ಬಲವಂತದ ಫಲ. ಒಳಗೆಲ್ಲ ಎಣ್ಣೆ ಜಿಡ್ಡಿದ್ದರೆ ಯಾರೋ ಲಾಕ್ ಬಿಗಿಯಾಗಿದೆ ಅಂತ ಸ್ಪ್ರೇ ಹೊಡೆದಿದ್ದಾರೆ, ಅದು ಇಳಿದು ಧೂಳು ಹಿಡಿದಿದೆ. ಗ್ರಾಫೈಟ್ ಪುಡಿಯೂ ಧಾರಾಳವಾಗಿ ಬೇಡ, ಅದರಲ್ಲಿ ಕರೆಂಟು ಹರಿಯುತ್ತದೆ.

ಹೊಸದನ್ನು ಕೂರಿಸುವಾಗ ಕೀ ಆಫ್ ಸ್ಥಾನದಲ್ಲಿರಲಿ, ಹೊಸ ಭಾಗದ ಸೀಳೂ ಆಫ್‌ನಲ್ಲೇ ಇರಲಿ. ಲಾಕಿನ ನಾಲಿಗೆ ಸೀಳಿನೊಳಗೆ ತಾನಾಗಿ ಇಳಿಯಬೇಕು. ಇಳಿಯದಿದ್ದರೆ ಸುತ್ತಿಗೆಯ ಹಿಡಿಯಿಂದ ತಟ್ಟುವುದಲ್ಲ, ಹೊರತೆಗೆದು ಕೋನ ಸರಿಮಾಡಿ. 6.3 ಮಿಲಿಮೀಟರಿನ ಲಗ್ಗುಗಳು ಕಪ್ಪಾಗಿದ್ದರೆ, ಸಡಿಲಾಗಿದ್ದರೆ ಕತ್ತರಿಸಿ ಹೊಸದು ಒತ್ತಿ. ಸುಟ್ಟ ಲಗ್ಗನ್ನೇ ಹೊಸ ಸ್ವಿಚ್ಚಿಗೆ ಸಿಕ್ಕಿಸಿದರೆ ಹೊಸದೂ ಅದೇ ಜಾಗದಲ್ಲಿ ಕಾಯುತ್ತದೆ.

ಆಮೇಲಿನ ಕೆಲಸವೇ ಮುಖ್ಯ: ಸೊಲೆನಾಯ್ಡಿನ ಭಾರವನ್ನು ಸ್ವಿಚ್ಚಿನ ಹೆಗಲಿನಿಂದ ಇಳಿಸುವುದು. 12 ವೋಲ್ಟಿನ 40 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಒಂದನ್ನು ಹಿಂದೆ, ಸೆಲ್ಫ್ ಹತ್ತಿರ, ನೀರು ಮತ್ತು ಸೈಲೆನ್ಸರಿನ ಬಿಸಿ ತಾಗದ ಕಡೆ ಬಿಗಿಯಿರಿ. ಮುಂದಿನಿಂದ ಬರುವ ಹಳೆ ಕೆಂಪು-ಕಪ್ಪು ವೈರು ರಿಲೇಯ 86ಕ್ಕೆ, 85 ಅರ್ತಿಗೆ. ಸೆಲ್ಫ್ ಮೇಲಿನ ಬ್ಯಾಟರಿ ಬೋಲ್ಟಿನಿಂದ 4 ಚದರ ಮಿಲಿಮೀಟರಿನ ವೈರು, ನಡುವೆ 30 ಆಂಪಿಯರ್ ಫ್ಯೂಸು, ಅದು ರಿಲೇಯ 30ಕ್ಕೆ. ರಿಲೇಯ 87ರಿಂದ ಅದೇ ದಪ್ಪದ ವೈರು ಸೊಲೆನಾಯ್ಡಿನ 50ಕ್ಕೆ. ಈಗ ಇಗ್ನಿಷನ್ ಸ್ವಿಚ್ಚಿನ 50 ಹೊರುವುದು ರಿಲೇ ಕಾಯಿಲಿನ ಅರ್ಧ ಆಂಪಿಯರಿಗೂ ಕಡಿಮೆ ಕರೆಂಟು. ಹೊಸ ವೈರಿನ ಒಟ್ಟು ಉದ್ದವೂ ಚಿಕ್ಕದು. ಎಲ್ಲ ಮೂಲದಂತೆಯೇ ಇರಬೇಕು ಅನ್ನುವ ಮಾಲೀಕರಿಗೂ ಇದನ್ನು ಒತ್ತಿ ಹೇಳಬೇಕು, ಒಂದು ವೈರೂ ಕತ್ತರಿಸದೆ ಬೇಕಾದಾಗ ವಾಪಸ್ ತೆಗೆಯಬಹುದು.

ಸ್ವಿಚ್ ಸಿಗಲಿಲ್ಲ ಅಂತ ಡ್ಯಾಶ್‌ಬೋರ್ಡಿಗೆ ತೂತು ಕೊರೆದು ಒಂದು ಟಾಗಲ್, ಒಂದು ಪುಶ್ ಬಟನ್ ಹಾಕಿ ಕೊಡುವ ಪದ್ಧತಿ ಮಾತ್ರ ಬಿಡಬೇಕು. ಸ್ಟಿಯರಿಂಗ್ ಲಾಕ್ ಹಾಗೇ ಉಳಿದಿರುತ್ತದೆ. ಇಂಜಿನ್ ಟಾಗಲ್ ಮೇಲೆ ಓಡುತ್ತಿರುವಾಗ ಮಗುವೋ ಪಕ್ಕದವರೋ ಕೀ ಹೊರಗೆಳೆದರೆ ತಿರುವಿನಲ್ಲಿ ಚಕ್ರ ಬೀಗ ಬೀಳುತ್ತದೆ. ಅದಕ್ಕೇ ಸ್ವಿಚ್ ಬದಲಿಸಿದ ಮೇಲೂ ವ್ಯಾನು ನಿಂತಲ್ಲೇ ಲಾಕ್ ಪರೀಕ್ಷಿಸಿ: ಕೀ ಒಂದು ಹೆಜ್ಜೆ ತಿರುಗಿಸಿದಾಗ ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ಸಲೀಸಾಗಿ ಹೋಗಬೇಕು, ಕೀ ತೆಗೆದ ಮೇಲಷ್ಟೇ ಬೀಗ ಬೀಳಬೇಕು. ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ, ದೀಪ ಆರಿ ಕೀ ಬಿಟ್ಟಾಗ ಮತ್ತೆ ಹತ್ತಿದರೆ ಎಕ್ಸ್ ಸರಿಯಾಗಿದೆ. ಕೊನೆಗೆ ಒಂದರ್ಧ ಗಂಟೆ ಓಡಿಸಿ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿ. ಆಗ ಮೊದಲ ಏಟಿಗೇ ಸೆಲ್ಫ್ ಹೊಡೆದರೆ ಗಾಡಿ ಮಾಲೀಕರ ಕೈಗೆ ಕೊಡಬಹುದು.