ಸೇಂಟ್ ಲೂಸಿಯಾದಲ್ಲಿ ನಾಲ್ಕು ಗಂಟೆ

ಕಳೆದ ಡಿಸೆಂಬರಿನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಕ್ರೂಸ್‌ಗೆ ಹೋಗಿದ್ದೆವು. ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ನಿಂದ ಹೊರಟು, ಕೆರಿಬಿಯನ್ ದ್ವೀಪಗಳನ್ನು ಸುತ್ತಿ, ಅಲ್ಲಿಗೇ ವಾಪಸ್ ಬರುವ ಹತ್ತು ರಾತ್ರಿಯ ಪ್ರಯಾಣ. ಹಡಗಿನ ಬಗ್ಗೆ ಹೇಳಲು ಜಾಸ್ತಿ ಇಲ್ಲ. ತಿನ್ನುವುದು, ಮಲಗುವುದು, ಲಿಫ್ಟಿಗೆ ಕಾಯುವುದು, ಮತ್ತೆ ತಿನ್ನುವುದು. ಊರಿನಿಂದ ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "ಒಂದೊಂದು ಊರಲ್ಲಿ ಒಂದೇ ದಿನ ನಿಲ್ಲುವುದಂತಲ್ಲ, ಅಷ್ಟರಲ್ಲಿ ಎಂತ ನೋಡ್ಲಿಕ್ಕಾಗ್ತದೆ ಮಾರಾಯ?"

ಒಂದು ದಿನ ಎಲ್ಲಿಂದ ಬಂತು! ಲೆಕ್ಕ ಹಾಕಿದರೆ ನಾಲ್ಕು ಗಂಟೆ.

ಈ ಲೆಕ್ಕ ನಾನು ಕಲಿತದ್ದು ಪೆಟ್ಟು ತಿಂದೇ. ಮೂರು ವರ್ಷದ ಹಿಂದೆ ಹೆಂಡತಿ, ಮಗನ ಜೊತೆ ಇನ್ನೊಂದು ಕ್ರೂಸ್ ಮಾಡಿದ್ದೆ. ಆಗ ಒಂದು ದ್ವೀಪದಲ್ಲಿ, ಹೆಸರು ಬೇಡ, "ದ್ವೀಪದ ಹತ್ತು ಮುಖ್ಯ ಜಾಗಗಳು" ಅಂತ ಇದ್ದ ಬಸ್ ಟೂರ್ ತೆಗೆದುಕೊಂಡೆವು. ಹತ್ತು ಜಾಗ ಅಂದಾಗ ಬಾಯಲ್ಲಿ ನೀರು ಬಂತು, ಅಲ್ವಾ. ಬಸ್ಸಿನಲ್ಲಿ ನಲವತ್ತು ಜನ. ಪ್ರತಿ ಜಾಗದಲ್ಲೂ ಇಳಿಯಲು ಹತ್ತು ನಿಮಿಷ, ಹತ್ತಲು ಹತ್ತು ನಿಮಿಷ, ನಡುವೆ ಒಬ್ಬರು ಕಾಣೆ. ಕೋಟೆಯ ಹತ್ತಿರ ಕಾಲು ಗಂಟೆ ಕೊಟ್ಟರು. ಆಭರಣದ ಅಂಗಡಿಯ ಹತ್ತಿರ ಒಂದು ಗಂಟೆ ಕೊಟ್ಟರು. ಮಗನಿಗೆ ಇವತ್ತಿಗೂ ಆ ದ್ವೀಪ ಅಂದರೆ ನೆನಪಿಗೆ ಬರುವುದು ಅಂಗಡಿಯ ಎಸಿ ಮಾತ್ರ.

ಹಾಗಾಗಿ ಈ ಸಲ ಸೇಂಟ್ ಲೂಸಿಯಾ ಒಂದಕ್ಕೇ ಎರಡು ವಾರ ತಲೆ ಕೆಡಿಸಿಕೊಂಡೆ. ಸಣ್ಣ ದೇಶ, 616 ಚದರ ಕಿಲೋಮೀಟರ್, ನಮ್ಮ ಬೆಂಗಳೂರು ನಗರಕ್ಕಿಂತ ಚಿಕ್ಕದು. ಆದರೆ ನಕ್ಷೆ ನೋಡಿ ಮೋಸ ಹೋಗಬಾರದು. ಹಡಗು ನಿಲ್ಲುವುದು ವಾಯವ್ಯದ ಕಾಸ್ಟ್ರೀಸ್‌ನಲ್ಲಿ. ಎಲ್ಲರೂ ನೋಡಬೇಕೆನ್ನುವ ಪಿಟಾನ್ ಬೆಟ್ಟಗಳು, ಬಿಸಿ ಗಂಧಕದ ಬುಗ್ಗೆಗಳು ಇರುವುದು ನೈಋತ್ಯದ ಸೂಫ್ರಿಯೇರ್ ಊರಿನ ಬಳಿ. ನಡುವಿನ ರಸ್ತೆ ಪೂರಾ ಘಾಟಿ. ಚಾರ್ಮಾಡಿ ಒಮ್ಮೆ ಹತ್ತಿ ಇಳಿದರೆ ಮುಗಿಯುತ್ತದೆ. ಇಲ್ಲಿ ಒಂದು ಗುಡ್ಡ ಹತ್ತಿ ಕಡಲಿಗೆ ಇಳಿಯಬೇಕು, ಮತ್ತೆ ಹತ್ತಬೇಕು, ಮತ್ತೆ ಇಳಿಯಬೇಕು. ಹೋಗಲು ಒಂದೂಕಾಲರಿಂದ ಒಂದೂವರೆ ಗಂಟೆ, ಬರಲು ಅಷ್ಟೇ.

ಹಡಗು ಬೆಳಗ್ಗೆ ಎಂಟಕ್ಕೆ ಬಂದು ಸಂಜೆ ಐದಕ್ಕೆ ಹೊರಡುವುದು ಅಂತ ಇತ್ತು. ಐದಕ್ಕೆ ಹೊರಡುವುದು ಅಂದರೆ ನಾಲ್ಕೂವರೆಗೆ ಒಳಗಿರಬೇಕು. ಕೆಳಗೆ ಇಳಿಯುವಾಗ ಎಂಟೂವರೆ. ಎಂಟು ಗಂಟೆ ಸಿಕ್ಕಿತು. ಅದರಲ್ಲಿ ಒಂದು ಗಂಟೆ ಭಯಕ್ಕೆ ಅಂತ ತೆಗೆದಿಟ್ಟೆ. ದಾರಿಗೆ ಮೂರು ಗಂಟೆ. ಉಳಿದದ್ದು ನಾಲ್ಕು. ಅದರಲ್ಲೇ ಊಟ, ಅದರಲ್ಲೇ ಅಪ್ಪನ ಮೊಣಕಾಲು.

ದಾರಿ ಮೂರಿತ್ತು. ಮೊದಲನೆಯದು ಹಡಗಿನವರದೇ ಟೂರ್, ತಲೆಗೆ 110 ಡಾಲರ್ ಹೇಳಿದರು. ದುಬಾರಿ, ಆದರೆ ಅದರಲ್ಲಿ ಹೋದರೆ ತಡವಾದರೂ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಬೇರೆ ಟೂರಿನಲ್ಲಿ ಹೋಗಿ ತಡವಾದರೆ ಕಾಯುವುದಿಲ್ಲ. ಮುಂದಿನ ದ್ವೀಪಕ್ಕೆ ನಮ್ಮ ಖರ್ಚಿನಲ್ಲಿ ವಿಮಾನ ಹಿಡಿಯಬೇಕು. ಎರಡನೆಯದು ಕಾಸ್ಟ್ರೀಸ್‌ನಿಂದ ಕೆಟಮರಾನ್ ದೋಣಿ. ನಿಜ ಹೇಳಬೇಕೆಂದರೆ ಪಿಟಾನ್‌ಗಳು ಕಡಲ ಮೇಲಿಂದಲೇ ಚಂದ. ನಾವಿಬ್ಬರೇ ಆಗಿದ್ದರೆ ಅದನ್ನೇ ಹಿಡಿಯುತ್ತಿದ್ದೆ. ಆದರೆ ಅಮ್ಮನಿಗೆ ಈಜು ಬಾರದು, ಸೀರೆ ಬಿಡುವುದಿಲ್ಲ. ಮೂರನೆಯದು ಅಲ್ಲಿನವರೇ ಒಬ್ಬರ ವ್ಯಾನ್ ಇಡೀ ದಿನಕ್ಕೆ ಗೊತ್ತು ಮಾಡಿಕೊಳ್ಳುವುದು. ಐದು ಜನರಿಗೆ ಒಟ್ಟು 320 ಡಾಲರ್. ನಮ್ಮ ಕನ್ನಡ ಕೂಟದ ಗೆಳೆಯರೊಬ್ಬರು ಹಿಂದಿನ ವರ್ಷ ಹೋದ ಡ್ರೈವರ್ ನಂಬರ್ ಕೊಟ್ಟರು.

ಫೋನಿನಲ್ಲಿ ಅವನಿಗೆ ನಾನು ಕೇಳಿದ ಪ್ರಶ್ನೆಗಳನ್ನು ಕೇಳಿ ಹೆಂಡತಿ ನಕ್ಕಳು, ಹುಡುಗಿ ನೋಡಲು ಬಂದವರ ಹಾಗೆ ಕೇಳ್ತೀರಿ ಅಂತ. ಆದರೂ ಕೇಳಬೇಕು. ಮೊದಲನೆಯದು, ಈ ದುಡ್ಡು ಅಮೆರಿಕದ ಡಾಲರೋ ಅಲ್ಲಿನದೋ? ಅಲ್ಲಿ ಓಡುವುದು ಈಸ್ಟ್ ಕೆರಿಬಿಯನ್ ಡಾಲರ್. 1976ರಿಂದ ಒಂದು ಅಮೆರಿಕನ್ ಡಾಲರಿಗೆ 2.70 ಅಂತ ಕಟ್ಟಿಟ್ಟಿದ್ದಾರೆ. ಬಾಯಲ್ಲಿ ಇಬ್ಬರೂ "ಡಾಲರ್" ಎಂದೇ ಹೇಳುತ್ತೇವೆ, ಕೊಡುವಾಗ ಜಗಳ. ಆಮೇಲೆ, ಪ್ರವೇಶ ಶುಲ್ಕ ಸೇರಿದೆಯೋ ಬೇರೆಯೋ. ಹವಾಮಾನ ಕೆಟ್ಟು ಹಡಗು ಆ ಬಂದರಿಗೆ ಬಾರದೇ ಹೋದರೆ ಮುಂಗಡ ವಾಪಸ್ಸೋ. ಎಲ್ಲೆಲ್ಲಿ ಮೆಟ್ಟಿಲು, ಎಷ್ಟು. "ಸ್ವಲ್ಪ ನಡೆಯಲು ಇದೆ" ಎನ್ನುವ ಉತ್ತರವನ್ನು ನಂಬಬೇಡಿ. ಇಪ್ಪತ್ತೈದು ವರ್ಷದ ಡ್ರೈವರಿನ ಸ್ವಲ್ಪಕ್ಕೂ ಎಪ್ಪತ್ತೆರಡರ ಅಪ್ಪನ ಸ್ವಲ್ಪಕ್ಕೂ ವ್ಯತ್ಯಾಸ ಇದೆ.

ಕೊನೆಯ ಪ್ರಶ್ನೆಗೆ ಅವನು ಕೊಟ್ಟ ಉತ್ತರದಿಂದಲೇ ನಾನು ಅವನನ್ನು ಗೊತ್ತು ಮಾಡಿದ್ದು. ನಾಲ್ಕು ಗಂಟೆಯಲ್ಲಿ ಏನೇನು ನೋಡಬಹುದು ಎಂದು ಕೇಳಿದೆ. "ಮೂರು ಜಾಗ. ನಾಲ್ಕನೆಯದು ಬೇಕಾದರೆ ನೀವು ಬೇರೆಯವರನ್ನು ನೋಡಿ" ಅಂದ.

ಹಡಗಿನ ಸಮಯದ ಬಗ್ಗೆ ಒಂದು ಮಾತು. ಚಳಿಗಾಲದಲ್ಲಿ ಸೇಂಟ್ ಲೂಸಿಯಾ ಫ್ಲೋರಿಡಾಕ್ಕಿಂತ ಒಂದು ಗಂಟೆ ಮುಂದೆ. ಕೆಲವು ಹಡಗು ತಮ್ಮ ಗಡಿಯಾರ ತಿರುಗಿಸುತ್ತವೆ, ಕೆಲವು ತಿರುಗಿಸುವುದಿಲ್ಲ. ನಮ್ಮದು ತಿರುಗಿಸಿತು. ಏರ್‌ಪ್ಲೇನ್ ಮೋಡ್‌ನಲ್ಲಿಟ್ಟ ಫೋನು ಫ್ಲೋರಿಡಾದಲ್ಲೇ ಕೂತಿತ್ತು. ಅದನ್ನು ನಂಬಿದ್ದರೆ ಒಂದು ಗಂಟೆ ತಡ, ಕಥೆ ಮುಗಿಯಿತು. ಅಪ್ಪನ ಎಚ್‌ಎಂಟಿ ವಾಚಂತೂ ಅಮೆರಿಕಕ್ಕೆ ಬಂದಾಗಿನಿಂದ ಪುತ್ತೂರಿನ ಸಮಯವನ್ನೇ ತೋರಿಸುತ್ತಿತ್ತು. "ಒಂಬತ್ತೂವರೆ ಗಂಟೆ ಕಳೆದರಾಯ್ತು, ತಿರುಗಿಸುವುದು ಯಾಕೆ" ಎನ್ನುತ್ತಿದ್ದರು. ಇನ್ನೊಂದು, ಅಪ್ಪ ಅಮ್ಮನನ್ನು ವಿಸಿಟರ್ ವೀಸಾದಲ್ಲಿ ಕರೆಸಿಕೊಂಡವರು ಅದು ಹಲವು ಸಲ ಒಳಗೆ ಬಿಡುವ ವೀಸಾ ಹೌದೋ ಅಂತ ಟಿಕೆಟಿಗೆ ಮೊದಲೇ ನೋಡಿಕೊಳ್ಳಿ. ಹಡಗು ಹತ್ತಿದರೆ ಅಮೆರಿಕ ಬಿಟ್ಟಂತೆಯೇ.

ಬೆಳಗ್ಗೆ ಇಳಿಯುವ ಮೊದಲೇ ಒಂದು ಗಲಾಟೆ. ಮಗ ಮಿಲಿಟರಿ ಬಣ್ಣದ ಚಡ್ಡಿ ಹಾಕಿಕೊಂಡಿದ್ದ. ಸೇಂಟ್ ಲೂಸಿಯಾದಲ್ಲಿ ಸಾಮಾನ್ಯರು ಆ ಬಣ್ಣದ ಬಟ್ಟೆ ಹಾಕುವುದು ಕಾನೂನಿಗೆ ವಿರುದ್ಧ, ಮಕ್ಕಳಿಗೂ ಅಷ್ಟೇ. ಹಡಗಿನ ಮೈಕಿನಲ್ಲಿ ಹೇಳಿದ್ದು ಪುಣ್ಯ. ಹದಿಮೂರು ವರ್ಷದವನನ್ನು ಚಡ್ಡಿ ಬದಲಾಯಿಸಲು ಒಪ್ಪಿಸುವುದರಲ್ಲಿ ನನ್ನ ಭಯದ ಗಂಟೆಯಿಂದ ಹತ್ತು ನಿಮಿಷ ಹೋಯಿತು.

ಬಂದರಿನ ಗೇಟಿನ ಹೊರಗೆ ಟ್ಯಾಕ್ಸಿಯವರು ನಮ್ಮ ಮಂಗಳೂರು ಬಸ್‌ಸ್ಟ್ಯಾಂಡಿನ ರಿಕ್ಷಾದವರ ಹಾಗೆಯೇ ಮುತ್ತಿಕೊಳ್ಳುತ್ತಾರೆ. ಕೆಟ್ಟವರೇನಲ್ಲ. ಅಲ್ಲೇ ಗೊತ್ತು ಮಾಡುವುದಾದರೆ ನಂಬರ್ ಪ್ಲೇಟ್ ಟಿಎಕ್ಸ್ ಅಂತ ಶುರುವಾಗುತ್ತದೆಯೇ ನೋಡಿ, ಅದು ಲೈಸೆನ್ಸ್ ಇರುವ ಟ್ಯಾಕ್ಸಿ. ನಮ್ಮವನು ಬಿಳಿ ವ್ಯಾನಿನ ಪಕ್ಕ ನಿಂತಿದ್ದ. ಅಮ್ಮನನ್ನು "ಮಮ್ಮಾ" ಎಂದು ಕರೆದು ಕೈ ಹಿಡಿದು ಹತ್ತಿಸಿದ. ಅಮ್ಮ ಅಲ್ಲಿಗೇ ಸೋತಳು. ಗಾಡಿ ರಸ್ತೆಯ ಎಡಕ್ಕೆ ಹೋದದ್ದು ನೋಡಿ ಅಪ್ಪನಿಗೆ ಎಷ್ಟೋ ಸಮಾಧಾನ. "ಇವರು ಸರಿಯಾದ ಬದಿಯಲ್ಲಿ ಓಡಿಸ್ತಾರೆ."

ಮೋರ್ನ್ ಫಾರ್ಚುನ್ ಗುಡ್ಡ ಹತ್ತುವಾಗ ಕೆಳಗೆ ನಮ್ಮ ಹಡಗು ಆಟಿಕೆಯ ಹಾಗೆ ಕಂಡಿತು. ಈ ದ್ವೀಪಕ್ಕಾಗಿ ಬ್ರಿಟಿಷರೂ ಫ್ರೆಂಚರೂ ಕಚ್ಚಾಡಿ, ಹದಿನಾಲ್ಕು ಸಲ ಕೈ ಬದಲಾಗಿದೆಯಂತೆ. ಅದಕ್ಕೇ ಊರಿನ ಹೆಸರೆಲ್ಲ ಫ್ರೆಂಚು, ಕಚೇರಿಯ ಭಾಷೆ ಇಂಗ್ಲಿಷು. ಡ್ರೈವರ್ ಫೋನಿನಲ್ಲಿ ಮನೆಯವರ ಜೊತೆ ಆಡಿದ್ದು ಕ್ವೇಯೋಲ್, ಫ್ರೆಂಚಿನಿಂದ ಹುಟ್ಟಿದ ಅಲ್ಲಿನ ಆಡುಭಾಷೆ. 1979ರಲ್ಲಿ ಸ್ವತಂತ್ರವಾದ ದೇಶ, ಜನ ಎರಡು ಲಕ್ಷವೂ ಇಲ್ಲ. ಅದರಲ್ಲಿ ಇಬ್ಬರು ನೊಬೆಲ್ ಪಡೆದವರು: ಅರ್ಥಶಾಸ್ತ್ರಕ್ಕೆ ಆರ್ಥರ್ ಲೂಯಿಸ್, ಸಾಹಿತ್ಯಕ್ಕೆ ಡೆರೆಕ್ ವಾಲ್‌ಕಾಟ್. ಇಬ್ಬರೂ ಹುಟ್ಟಿದ್ದು ಜನವರಿ 23ರಂದು, ಬೇರೆ ಬೇರೆ ವರ್ಷ. ಇದನ್ನು ಹೇಳುವಾಗ ಡ್ರೈವರಿನ ಬೆನ್ನು ಸೀಟಿನಲ್ಲೇ ನೆಟ್ಟಗಾಯಿತು.

ರೋಸೋ ಕಣಿವೆಯಲ್ಲಿ ಬಾಳೆ ತೋಟ. ಗೊನೆಗಳಿಗೆಲ್ಲ ನೀಲಿ ಪ್ಲಾಸ್ಟಿಕ್ ಚೀಲ. ಅಪ್ಪ ಅಲ್ಲಿವರೆಗೆ ಸುಮ್ನೆ ಕೂತಿದ್ದವರು ಕಿಟಕಿಗೆ ಅಂಟಿಕೊಂಡರು. ಮುಂದೆ ಒಂದು ಮನೆಯ ಅಂಗಳದಲ್ಲಿ ದೊಡ್ಡ ಮರ, ಹರಿದಂಥ ಎಲೆ, ಹಸಿರು ಕಾಯಿ.

"ಏ, ನಿಲ್ಲಿಸಲಿಕ್ಕೆ ಹೇಳು. ಅದು ನಮ್ಮ ಜೀಗುಜ್ಜೆಯೇ ಅಲ್ವಾ?"

ನಲವತ್ತು ಜನರ ಬಸ್ಸಿನಲ್ಲಿ ಇದನ್ನು ಹೇಳಿ ನೋಡಿ! ಇವನು ನಿಲ್ಲಿಸಿದ. ಜೀಗುಜ್ಜೆಯೇ, ಇಂಗ್ಲಿಷಿನವರ ಬ್ರೆಡ್‌ಫ್ರೂಟ್. ಅಲ್ಲಿ ಅದನ್ನು ಇಡಿಯಾಗಿ ಬೆಂಕಿಯಲ್ಲಿ ಸುಡುತ್ತಾರೆ. 1793ರಲ್ಲಿ ಬ್ಲೈ ಎಂಬ ಕ್ಯಾಪ್ಟನ್ ಟಹೀಟಿಯಿಂದ ಪಕ್ಕದ ಸೇಂಟ್ ವಿನ್ಸೆಂಟ್‌ಗೆ ಗಿಡಗಳನ್ನು ತಂದದ್ದು, ಕಬ್ಬಿನ ತೋಟದ ಗುಲಾಮರಿಗೆ ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬಿಸಲಿಕ್ಕೆ. ಅದನ್ನು ಹೇಳಿದ ಡ್ರೈವರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಮ್ಮ ಮಾತ್ರ ಅದರ ಪೋಡಿ, ಅಂದರೆ ಬಜ್ಜಿ, ಮಾಡುವ ಕ್ರಮ ನನ್ನ ಕೈಯಲ್ಲಿ ಅವನಿಗೆ ಹೇಳಿಸಿಯೇ ಬಿಟ್ಟಳು.

ಮೂರರಲ್ಲಿ ಮೊದಲ ಜಾಗ ಸೂಫ್ರಿಯೇರ್ ಹತ್ತಿರದ ಹಳೆಯ ಕೊಕ್ಕೊ ಎಸ್ಟೇಟ್. ನಾನು ಇದಕ್ಕೆ ಮುಕ್ಕಾಲು ಗಂಟೆ ಇಟ್ಟಿದ್ದೆ. ಒಂದೂಕಾಲು ಗಂಟೆ ಆಯಿತು. ಅಡಿಕೆ ತೋಟದ ನಡುವೆ ಕೊಕ್ಕೊ ಬೆಳೆಸಿ, ಹಸಿ ಬೀಜವನ್ನು ಬೆಳೆಗಾರರ ಸಹಕಾರಿ ಸಂಘ ಕ್ಯಾಂಪ್ಕೊಗೆ ಹಾಕುತ್ತಾ ಬಂದವರು ನಮ್ಮಪ್ಪ. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಆದಾಗ ನೋಡಲು ಹೋದವರು. ಅಲ್ಲಿನ ಗೈಡ್ ಹುಡುಗಿ ಕಾಯಿ ಒಡೆದು, ಬಿಳಿ ತಿರುಳನ್ನು ಎಲ್ಲರಿಗೂ ಅಚ್ಚರಿಯ ಹಾಗೆ ಹಂಚಿದಳು. ಅಪ್ಪ ಒಂದು ಬೀಜ ಚೀಪಿ, ಉಗುಳಿ, "ಒಳ್ಳೆ ಬಲಿತಿದೆ" ಅಂದರು. ಆಮೇಲೆ ಅವರದೇ ಸಂದರ್ಶನ. ಎಷ್ಟು ದಿನ ಹುಳಿ ಬರಿಸ್ತೀರಿ? ಅಳಿಲು ಕಾಟ ಇಲ್ವಾ? (ಅಳಿಲಿಲ್ಲ, ಇಲಿ.) ಒಣಹಾಕಿದ ಬೀಜದ ಮೇಲೆ ಅವರು ಹಾಡು ಹೇಳುತ್ತ ಬರಿಗಾಲಲ್ಲಿ ಕುಣಿಯುತ್ತಾರೆ, ಬೀಜ ಬೇರೆಯಾಗಿ ಹೊಳಪು ಬರಲಿ ಅಂತ. ಅಪ್ಪ ಚಪ್ಪಲಿ ಕಳಚಿ ಪಂಚೆ ಎತ್ತಿ ಕಟ್ಟಿದಾಗ ನಾನು ಮೊಣಕಾಲು ಅಂದೆ. ಕೇಳಲಿಲ್ಲ. ಅಂಗಳದಲ್ಲಿ ಅಡಿಕೆ ತುಳಿದು ಹರಡಿದ ಕಾಲು, ಅಡಿ ಎತ್ತದೆ ಎಳೆಯುತ್ತ ಹೋಗುವ ಆ ನಡಿಗೆ ಗೈಡ್ ಹುಡುಗಿಗಿಂತ ಚೆನ್ನಾಗಿ ಬಂತು. ಕೊನೆಗೆ ಚಕ್ಕೆ, ಜಾಯಿಕಾಯಿ ಹಾಕಿ ಕುದಿಸಿದ ಕೊಕ್ಕೊ ಟೀ ಕೊಟ್ಟರು. ಅಮ್ಮ ಎರಡು ಲೋಟ ಕುಡಿದಳು.

ಎರಡನೆಯದು ಸಲ್ಫರ್ ಸ್ಪ್ರಿಂಗ್ಸ್. ಗಾಡಿಯಲ್ಲೇ ಜ್ವಾಲಾಮುಖಿಯ ಬಾಯಿಯವರೆಗೆ ಹೋಗಬಹುದು ಅಂತ ಜಾಹೀರಾತು. ಕೆಂಪು ಬೆಂಕಿ ಏನಿಲ್ಲ. ಬೂದು ಬಣ್ಣದ ಬಂಡೆ, ಕುದಿಯುವ ಕಪ್ಪು ನೀರು, ಹೊಗೆ, ಕೊಳೆತ ಮೊಟ್ಟೆಯ ನಾತ. ಮೊದಲು ಗುಂಡಿಯ ಅಂಚಿಗೇ ಬಿಡುತ್ತಿದ್ದರಂತೆ. ಗೈಡ್ ಒಬ್ಬ ನೆಲ ಕುಸಿದು ಒಳಗೆ ಬಿದ್ದು ಸುಟ್ಟುಕೊಂಡ ಮೇಲೆ ಈಗ ಕಟಾಂಜನದ ಈಚೆಯಿಂದಲೇ ನೋಡಬೇಕು. ಕೆಳಗಿನ ಕೊಳದಲ್ಲಿ ಮಗನೂ ಹೆಂಡತಿಯೂ ಕೆಸರು ಬಳಿದುಕೊಂಡು ಇಳಿದರು. ಹಳೇ ಬಟ್ಟೆ ಒಯ್ಯಿರಿ, ಆ ಕಲೆ ಹೋಗುವುದಿಲ್ಲ.

ಡ್ರೈವರ್ ವ್ಯಾನಿನಲ್ಲೇ ಎಚ್ಚರಿಸಿದ್ದ, ಬೆಳ್ಳಿ ಇದ್ದರೆ ತೆಗೆದಿಡಿ, ಕಪ್ಪಾಗುತ್ತದೆ ಅಂತ. ಹೆಂಡತಿ ಓಲೆ ತೆಗೆದಳು. ಅಮ್ಮ ಕಾಲುಂಗುರ ತೆಗೆಯಲಿಲ್ಲ. "ಗಂಡ ಪಕ್ಕದಲ್ಲಿ ಕೂತಿರುವಾಗ ಕಾಲುಂಗುರ ತೆಗೆಯುವುದುಂಟಾ?" ನೀರಿಗೆ ಇಳಿಯದಿದ್ದರಾಯಿತು ಎಂದುಕೊಂಡೆ. ಆದರೆ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂತ ಇಬ್ಬರು ಅಜ್ಜಿಯರನ್ನು ನೋಡಿ ಅಮ್ಮನೂ ಹೋಗಿ ಕೂತಳು. ಅವರ ಮಾತು ಇವಳಿಗೆ ಬಾರದು, ಇವಳದು ಅವರಿಗೆ. ಗಂಟು ನೋವಿನ ಬಗ್ಗೆ ಕೈಸನ್ನೆಯಲ್ಲೇ ಇಪ್ಪತ್ತು ನಿಮಿಷ ಮಾತಾಡಿದರು.

ಮೂರನೆಯದು ಪಿಟಾನ್ ಕಾಣುವ ತಿರುವು, ಅಲ್ಲೇ ಊಟ. ಗ್ರೋ ಪಿಟಾನ್ 798 ಮೀಟರ್, ಪೆಟಿ ಪಿಟಾನ್ 743. ಕಡಲಿನಿಂದ ನೆಟ್ಟಗೆ ಎದ್ದ ಎರಡು ಕೋಡುಗಳು, 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ದೊಡ್ಡದನ್ನು ಹತ್ತುವ ಟೂರ್ ಕೂಡ ಇದೆ, ಆದರೆ ಅದಕ್ಕೇ ನಾಲ್ಕೈದು ಗಂಟೆ ಬೇಕು. ಮೀನು ಮಾಂಸ ಬೇಡ ಅಂದದ್ದಕ್ಕೆ ಡ್ರೈವರ್ ರಾಸ್ತಫಾರಿಯೊಬ್ಬರ ಅಂಗಡಿಗೆ ಕರೆದುಕೊಂಡು ಹೋದ. ಅವರ ಪಂಥದ ಸಸ್ಯಾಹಾರಕ್ಕೆ ಐಟಲ್ ಅಂತ ಹೆಸರು. ಸುಟ್ಟ ಜೀಗುಜ್ಜೆ, ತೆಂಗಿನ ಹಾಲಿನ ಬೇಳೆ, ನೇಂದ್ರ ಬಾಳೆ ಹುರಿದದ್ದು. ಹಡಗಿನ ಆರು ದಿನದ ಬಫೆಯಲ್ಲಿ ಅಪ್ಪ ಇಷ್ಟು ತಿಂದಿರಲಿಲ್ಲ.

ವಾಪಸ್ ಬರುವಾಗ ಕನಾರೀಸ್ ಹತ್ತಿರ ಮಣ್ಣು ಸಾಗಿಸುವ ಲಾರಿಯೊಂದು ತಿರುವಿನಲ್ಲಿ ಕೆಟ್ಟು ನಿಂತಿತ್ತು. ಮೂವತ್ತೈದು ನಿಮಿಷ. ನನ್ನ ಕೈ ಬೆವರಿತು. ನಿಮಿಷಕ್ಕೊಮ್ಮೆ ಗಂಟೆ ಕೇಳಿದೆ. ಅಪ್ಪ ಎಚ್‌ಎಂಟಿ ನೋಡಿ "ಹನ್ನೆರಡೂ ಐವತ್ತು" ಎನ್ನುವರು, ನಾನು ಮನಸ್ಸಿನಲ್ಲೇ ಒಂಬತ್ತೂವರೆ ಕಳೆಯಬೇಕು. ಡ್ರೈವರ್ ಮಾತ್ರ ಕಿಟಕಿಯಿಂದ ಕೈ ಹೊರಗಿಟ್ಟು ಕೂತಿದ್ದ. ಈ ಲಾರಿಗೆ ಅಂತಲೇ ಒಂದು ಗಂಟೆ ಇಟ್ಟಿದ್ದೇವಲ್ಲ ಅಂದ.

ನಾಲ್ಕು ಐದಕ್ಕೆ ಗೇಟು ತಲುಪಿದೆವು. ಐದಕ್ಕೆ ಐದು ನಿಮಿಷ ಇರುವಾಗ ಡೆಕ್ಕಿನ ಮೇಲೆ ಜನ ಕೇಕೆ ಹಾಕುತ್ತಿದ್ದರು. ಕೆಳಗೆ ಇಬ್ಬರು ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದರು. ಒಳಗೆ ಸೇರಿದರು, ಪಾಪ.

ಕ್ಯಾಬಿನ್ನಿಗೆ ಬಂದರೆ ಬಚ್ಚಲಿನ ಹೊಸ್ತಿಲ ಮೇಲೆ ಅಮ್ಮ ಕೂತಿದ್ದಳು. ಕಾಲುಂಗುರ ನಾಲ್ಕೂ ಇದ್ದಿಲಿನ ಹಾಗೆ ಕಪ್ಪು. ಬೆರಳಿನಿಂದ ತೆಗೆಯದೆಯೇ, ಊರಿನಿಂದ ತಂದ ವಿಭೂತಿ ಹಚ್ಚಿ, ಹಡಗಿನವರು ಮಡಚಿಟ್ಟ ಬಿಳಿ ಟವೆಲಿನಲ್ಲಿ ತಿಕ್ಕುತ್ತಿದ್ದಳು. ಟವೆಲ್ ಪೂರಾ ಕಪ್ಪಾಗಿತ್ತು.

"ಇದಕ್ಕೆ ಅವರು ದುಡ್ಡು ಹಾಕ್ತಾರಾ?" ಅಂತ ಕೇಳಿದಳು.